ಸಲಾಲಾದ ಅಡುಗೆಮನೆಯಲ್ಲಿ ಹಾಕಿದ ಎಲೆಗಳು

ಆಯೀ,

ನೀನು ಸತ್ತ ದಿನದಿಂದ ಈ ಪತ್ರ ಶುರು ಮಾಡಲು ಹೋಗಿ ಕೈಬಿಟ್ಟೆ. ಅಲ್ಲಿ ಬರೆಯುವಂಥದ್ದೇನೂ ಸಿಗಲಿಲ್ಲ. ಅದಕ್ಕೆ ನೀನು ಸಲಾಲಾಕ್ಕೆ ಬಂದ ದಿನದಿಂದ ಶುರು ಮಾಡುತ್ತೇನೆ. ನಾವು ಮನೆಯಲ್ಲಿ ಆಡುವ ಕೊಂಕಣಿಯನ್ನು ನಾನು ಎಂದೂ ಬರೆದವನಲ್ಲ, ಹಾಗಾಗಿ ಕನ್ನಡ. ನಿನಗೆ ಓದಲು ಬರುತ್ತಿರಲಿಲ್ಲ ಅಂತ ಮರೆತಿಲ್ಲ. ಈಗ ಇರುವಲ್ಲಿ ಅದೆಲ್ಲ ಅಡ್ಡ ಬರಲಾರದು. ಬಂದರೆ ಯಾರ ಕೈಲಾದರೂ ಓದಿಸಿಕೋ, ಅಲ್ಲಿ ಓದು ಬಲ್ಲವರಿಗೇನು ಕಮ್ಮಿಯೇ?

ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನು ಕೈ ಬೀಸುತ್ತಿದ್ದೆ, ನೀನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನಿನ್ನ ಕಣ್ಣು ಅಲ್ಲಿ ನಿಂತಿದ್ದ ಪೊಲೀಸಿನವನ ಮೇಲಿತ್ತು. ನಮ್ಮದೇ ಬಣ್ಣ, ನಮ್ಮದೇ ಗುಂಗುರು ಕೂದಲು, ಮೂಗಂತೂ ನಿನ್ನ ಹಿರಿಮಗ ದೇವಣ್ಣನದೇ. ಚೀಲವನ್ನು ನನ್ನ ಕೈಗೆ ತುರುಕಿ, "ತಮಾ, ಇವ ಯಾವ ಕೇರಿಯವ?" ಅಂತ ಕೇಳಿದೆ. "ಇವ ಇಲ್ಲಿಯವನೇ ಆಯಿ, ಒಮಾನಿ" ಅಂದರೆ ನಂಬಲಿಲ್ಲ. "ಸುಮ್ನಿರಾ, ಮುಂಡಗೋಡ ಕಡೆಯವನ ಹಂಗೆ ಕಾಣ್ತಾನೆ" ಅಂದೆ. ಕಾರಿನಲ್ಲಿ ಕೂತ ಮೇಲೆ ಬ್ಯಾಂಕಿನಿಂದ ಇಳಿದು ಬರುತ್ತಿದ್ದವನನ್ನು ನೋಡಿದೆ, ದೊಡ್ಡ ಕಾರು ಓಡಿಸುತ್ತಿದ್ದ ಹೆಂಗಸನ್ನು ನೋಡಿದೆ. "ನಮ್ಮೋರು ಇಷ್ಟು ಜನ ಯಾವಾಗ ಬಂದ್ರಾ ಇಲ್ಲಿಗೆ? ನಮಗೆ ಯಾರೂ ಹೇಳ್ಲೇ ಇಲ್ಲ!" ಅಂತ ಸಿಟ್ಟು ಬೇರೆ ನಿನಗೆ, ಮದುವೆಗೆ ಕರೆಯದ ನೆಂಟರ ಮೇಲೆ ಬರುತ್ತಲ್ಲ, ಅಂಥ ಸಿಟ್ಟು.

ಎಷ್ಟು ನಕ್ಕಿದ್ದೆ ನಾನು ಆವತ್ತು. ಆದರೆ ಯಲ್ಲಾಪುರದ ಕಾಡಿನ ಕೇರಿಯಿಂದ ಬಂದ ಸಿದ್ದಿ ಹೆಂಗಸಿಗೆ ಬೇರೇನು ಅನ್ನಿಸಬೇಕು? ಹಿಂದೆ ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಪೀಳಿಗೆ ನಾವು. ಇದನ್ನು ನಿನಗೆ ಹೇಳಬೇಕಾಗಿಲ್ಲ, ಕಂಡಕಂಡವರಿಗೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ, ಅಷ್ಟೆ. ಶಾಲೆಯಲ್ಲಿ ನನ್ನ ಹೆಸರು ಮಾಬ್ಲೇಶ್ವರ ಅಂತಿದ್ದರೂ ಕರೆಯುತ್ತಿದ್ದದ್ದು 'ಆಫ್ರಿಕಾ' ಅಂತ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿದರೆ "ಫಾರಿನರ್ಸ್‌ಗೆ ಕೊಡಲ್ಲ" ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮೊದಲ ಸಲ ಹೊರಟಾಗ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ರಾಷ್ಟ್ರಗೀತೆ ಹಾಡು ಅಂದಿದ್ದ. ಹಾಡಿದ್ದೆ. ಇಲ್ಲಿ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಅರಬಿಯಲ್ಲೇ ಮಾತು ಶುರು ಮಾಡುತ್ತಾರೆ. ಇವರ ಒಳಗೂ ಬಣ್ಣದ ಮೇಲು ಕೀಳು ಇದೆಯಂತೆ, ಆಮೇಲೆ ಗೊತ್ತಾಯಿತು. ನೀನು ಅಷ್ಟು ಖುಷಿಯಲ್ಲಿದ್ದೆ, ಹೇಳಲು ಮನಸ್ಸಾಗಲಿಲ್ಲ.

ಧೂಪ ಮಾರುವ ಆ ಮುದುಕಿ ನೆನಪಿದ್ದಾಳಾ? ಸಂತೆಯಲ್ಲಿ ಅವಳನ್ನು ಕಂಡವಳೇ ನೀನು ನೇರ ಹೋಗಿ ಎದುರು ಕೂತು ಕೊಂಕಣಿಯಲ್ಲಿ ಊರು ಕೇಳಿದೆ. ಅವಳು ಅರಬಿಯಲ್ಲಿ ಏನೋ ಹೇಳಿದಳು. ನೀನು ಮೊಣಕಾಲು ತೋರಿಸಿದೆ, ಅವಳೂ ತನ್ನ ಮೊಣಕಾಲು ತೋರಿಸಿದಳು. ಹಾಗೇ ಎಷ್ಟೋ ಹೊತ್ತು ಮಾತಾಡಿದಿರಿ, ಒಬ್ಬರಿಗೊಬ್ಬರ ಮಾತು ಒಂದಕ್ಷರ ತಿಳಿಯದೆ. ಹೊರಡುವಾಗ ಅವಳು ನಿನ್ನ ಕೆನ್ನೆ ಸವರಿ ಒಂದು ಹಿಡಿ ಲುಬಾನ್ ಧೂಪ ಸೆರಗಿಗೆ ಹಾಕಿದಳು, ನಾನು ದುಡ್ಡು ಕೊಡಲು ಹೋದರೆ ನನ್ನ ಕೈಗೆ ಪಟ್ಟನೆ ಹೊಡೆದಳು. "ಪಾಪ, ಅವಳಿಗೆ ನಮ್ಮ ಮಾತು ಮರ್ತು ಹೋಗಿದೆ" ಅಂದೆ ನೀನು. ಸಾಯುವ ತನಕ ಅದನ್ನೇ ನಂಬಿದ್ದೆ, ಅಲ್ಲವಾ?

ಮನೆಯ ಬಾಗಿಲು ತೆರೆದದ್ದು ರಘು. ನಾನು "ರೂಮ್‌ಮೇಟ್" ಅಂದೆ. ಈ ದೇಶದಲ್ಲಿ ಇಬ್ಬರು ಗಂಡಸರು ಒಂದು ಫ್ಲ್ಯಾಟಿನಲ್ಲಿ ಇರುವುದಕ್ಕಿಂತ ಸಾಮಾನ್ಯವಾದ ಸಂಗತಿ ಇನ್ನೊಂದಿಲ್ಲ, ಬ್ಯಾಚುಲರ್‌ಗಳೆಲ್ಲ ಹೀಗೇ ಇರುವುದು. ಆದರೆ ನಾವು ಇರುವ ಹಾಗೆ ಇರುವುದು ಇಲ್ಲಿಯ ಕಾನೂನಿಗೆ ಅಪರಾಧ. ಅದಕ್ಕೆ ಬಾಗಿಲ ಹೊರಗೆ ನಾವು ರೂಮ್‌ಮೇಟ್‌ಗಳು, ಒಳಗೆ ಮಾತ್ರ ನಾವು ನಾವು. ನೀನು ಬರುತ್ತೀ ಅಂತ ರಘು ತನ್ನ ದಿಂಬು ಚಾದರ ಎತ್ತಿಕೊಂಡು ಹಾಲಿನ ದಿವಾನಕ್ಕೆ ಹೋಗಿದ್ದ. ಒಳ್ಳೆಯ ನಾಟಕ ಅಂದುಕೊಂಡಿದ್ದೆವು. ಪೆದ್ದ, ಬೆಳಿಗ್ಗೆ ಎದ್ದಾಗೆಲ್ಲ ಟೀಪಾಯಿಗೆ ಮೊಣಕಾಲು ಬಡಿಸಿಕೊಂಡು "ಅಮ್ಮಾ" ಅನ್ನುತ್ತಿದ್ದ. ದಿನಾ ಅಲ್ಲೇ ಮಲಗುವವನಿಗೆ ಟೀಪಾಯಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲವೇ ಅಂತ ನಿನಗೆ ಆಗಲೇ ಅನ್ನಿಸಿತ್ತಂತೆ. ಹೇಳಲಿಲ್ಲ ನೀನು. ಎಣ್ಣೆ ತಂದು ಅವನ ಮೊಣಕಾಲಿಗೆ ಉಜ್ಜಿದೆ.

ಅವನು ಸಿಕ್ಕಿದ್ದು ಹೇಗೆ ಅಂತ ನೀನು ಕೇಳಿದ್ದೆ, ಅರ್ಧ ಹೇಳಿದ್ದೆ. ಪೂರ್ತಿ ಈಗ ಕೇಳು. ನವೆಂಬರಿನ ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಾಗಿಲಲ್ಲಿ ಶಲ್ಯ ಹೊದ್ದು ನಿಂತಿದ್ದ ಒಬ್ಬ ಮೈಸೂರಿನ ಫಾರ್ಮಸಿಸ್ಟು ನನ್ನನ್ನು ತಡೆದು, "ಸಾರಿ ಸರ್, ಪ್ರೈವೇಟ್ ಫಂಕ್ಷನ್, ಓನ್ಲಿ ಫಾರ್ ಕನ್ನಡಿಗಾಸ್" ಅಂದ. "ಹೌದಾ? ಬಿಸಿಬೇಳೆಬಾತ್ ಇದೆ ಅಂತ ಕೇಳಿ ಬಂದೆ ಮಾರಾಯ" ಅಂದೆ. ಅವನ ಮುಖ ಕೆಂಪಾದದ್ದು ಇಳಿಯಲೇ ಇಲ್ಲ. ಆ ಸಂಜೆಯೆಲ್ಲ ನನ್ನ ತಟ್ಟೆಗೆ ತಂದು ತಂದು ಬಡಿಸಿದ. ಕೊನೆಗೆ "ಸಾಕು, ಕ್ಷಮಿಸಿದ್ದೇನೆ" ಅಂದೆ. "ಕ್ಷಮಿಸಬೇಡಿ, ಕ್ಷಮಿಸಿದ್ರೆ ಹೊರಟು ಹೋಗ್ತೀರ" ಅಂದ. ಯಾರಾದರೂ ನನಗೆ ಹಾಗೆ ಅಂದದ್ದು ಅದೇ ಮೊದಲು, ಆಯಿ.

ಮಳೆಗಾಲದ ಕೊನೆಯ ವಾರ ನಾವು ಮೂವರೂ ಗುಡ್ಡಕ್ಕೆ ಹೋಗಿದ್ದೆವು. ಈ ಜಿಟಿಜಿಟಿ ನೋಡಲು ದುಬೈಯಿಂದೆಲ್ಲ ಜನ ಬಂದು ಚಾಪೆ ಹಾಸಿ ಕೂತಿದ್ದರು. ನೀನು ಅಂಗೈ ಚಾಚಿ ಹನಿ ಬೀಳಲಿ ಅಂತ ಕಾದು ಕಾದು, "ಇದೂ ಒಂದು ಮಳೆಯನಾ? ಎಮ್ಮೆ ಮೈ ಕೊಡವಿದ್ರೆ ಇದಕ್ಕಿಂತ ಜಾಸ್ತಿ ಬೀಳ್ತದೆ" ಅಂದೆ. ರಘು ನಕ್ಕು ನಕ್ಕು ಥರ್ಮಾಸಿನ ಚಹಾ ಚೆಲ್ಲಿದ. ಅವನು ಅಲ್ಲಿಯವರೆಗೆ ನಿನ್ನನ್ನು "ಅಮ್ಮ" ಅನ್ನುತ್ತಿದ್ದ. "ಅಮ್ಮ ನಿಂಗೆ ಮೈಸೂರಲ್ಲಿ ಇದ್ದಾಳಲ್ಲ. ನಂಗೆ ಆಯಿ ಅನ್ನು" ಅಂದುಬಿಟ್ಟೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಆದದ್ದನ್ನೂ ಬರೆಯಬೇಕು. ತರಕಾರಿಯ ಹತ್ತಿರ ಇಬ್ಬರು ಬೆಂಗಳೂರಿನ ಹೆಂಗಸರು. "ಆ ಕೂದ್ಲು ನೋಡೇ, ಬಾಚಣಿಗೆ ಸಿಕ್ಕಾಕ್ಕೊಂಡ್ರೆ ಈಚೆಗೇ ಬರಲ್ಲ" ಅಂದಳು ಒಬ್ಬಳು. "ಮೆಲ್ಲಗೆ ಮಾತಾಡೇ" ಅಂದಳು ಇನ್ನೊಬ್ಬಳು. "ಅವ್ಳಿಗೇನ್ ಕನ್ನಡ ಬರುತ್ತಾ?" ನನ್ನ ಕಿವಿ ಬಿಸಿಯಾಗಿ ಬಾಯಿ ತೆರೆಯುವಷ್ಟರಲ್ಲಿ ನೀನು ನುಗ್ಗೆಕಾಯಿ ಹಿಡಿದುಕೊಂಡೇ ಅವಳ ಹತ್ತಿರ ಹೋಗಿ ತಲೆ ಬಗ್ಗಿಸಿದೆ. "ಬರ್ತದೆ ತಂಗಿ. ಬಾಚಣಿಗೆ ಸಿಕ್ಕೂದಿಲ್ಲ, ನಮ್ಮದು ಬೇರೆ ಬಾಚಣಿಗೆ. ಮುಟ್ಟಿ ನೋಡು ಬೇಕಾರೆ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನೀನೇ ಅವಳ ಕೈ ಹಿಡಿದು ನಿನ್ನ ತಲೆಯ ಮೇಲೆ ಇಟ್ಟುಕೊಂಡೆ. "ಮೆತ್ತಗೆ ಇದೆ, ಅಲ್ದಾ?" ಅವಳ ಕಣ್ಣಲ್ಲಿ ನೀರು. "ಸಾರಿ ಅಮ್ಮ" ಅಂದಳು. "ಸಾರಿ ಎಂಥಕ್ಕೆ? ಮನೆಗೆ ಬಾ, ನಿಂಗೂ ಎಣ್ಣೆ ಹಚ್ಚಿ ಕೊಡ್ತೆ." ಕಾರಿನಲ್ಲಿ ನಾನು ನಿನ್ನ ಮೇಲೆ ರೇಗಿದೆ, ಬೈಯಬೇಕಿತ್ತು ಅಂತ. "ಬೈದಿದ್ರೆ ಅವಳಿಗೆ ನನ್ನ ಬಾಯಿ ಗೊತ್ತಾಗ್ತಿತ್ತು, ತಲೆ ಗೊತ್ತಾಗ್ತಿರಲಿಲ್ಲ" ಅಂದು ನುಗ್ಗೆಕಾಯಿಯನ್ನು ಮಡಿಲಲ್ಲಿ ಸರಿಮಾಡಿಕೊಂಡೆ.

ಮಹಾನವಮಿ ಬಂತು. ತೀರಿಹೋದ ಹಿರಿಯಾರನ್ನು ಕಾಯಿಯಲ್ಲಿ ಕೂರಿಸದೆ ನೀನು ಒಂದು ವರ್ಷವೂ ಕಳೆದವಳಲ್ಲ. "ಇಲ್ಲಿ ಹೇಗೆ ಆಯಿ?" ಅಂದರೆ "ಕಾಯಿ ಇಲ್ವನಾ ಇಲ್ಲಿ?" ಅಂದೆ. ಸಲಾಲಾದಲ್ಲಿ ತೆಂಗಿನಕಾಯಿಗೆ ಬರವೇ? ರಸ್ತೆ ಬದಿಯ ಗೂಡಂಗಡಿಗಳಲ್ಲೆಲ್ಲ ನೀನು ಕಾಯಿ ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, ಒಂದನ್ನೂ ಒಪ್ಪದೆ, ಅಂಗಡಿಯ ಮಲಯಾಳಿಯ ತಾಳ್ಮೆ ತೆಗೆದು ಕೊನೆಗೆ ಒಂದನ್ನು ಆರಿಸಿದೆ. ಬಾಳೆ ಎಲೆಯೂ ಅಲ್ಲೇ ಸಿಕ್ಕಿತು. ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸಿ ಅಕ್ಕಿಯ ಮೇಲೆ ಕಾಯಿ ಕೂರಿಸಿದೆ, ಮುದುಕಿ ಕೊಟ್ಟ ಧೂಪ ಹಾಕಿದೆ. ಹಿರಿಯಾರಿಗೆ ಒಂದು ಗುಟುಕು ಸೆರೆ ಬೇಕಲ್ಲ ಅಂದೆ. "ಅದು ಇಲ್ಲಿ ಕಷ್ಟ ಆಯಿ" ಅಂದ ರಘು. "ಹಂಗಾರೆ ಚಹಾ ಇಡು. ಅವರಿಗೂ ಒಂದು ಬದಲಾವಣೆ ಆಗ್ತದೆ."

ನಮ್ಮ ಮನೆಯ ಪದ್ಧತಿಯನ್ನು ನೀನು ರಘುಗೆ ಹೇಳಿದ್ದು ಹೀಗೆ. ಹಿರಿಯಾರ ಊಟಕ್ಕೆ ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಂಡು ಕೂರುವಂತಿಲ್ಲ. ಮನೆಯವರ ಮೇಲೆ ಸಿಟ್ಟಿದ್ದರೆ, ಮುಚ್ಚಿಟ್ಟದ್ದಿದ್ದರೆ, ಮೊದಲು ಕಾಯಿಯ ಎದುರು ಬಾಯಿಬಿಟ್ಟು ಹೇಳಬೇಕು. ಅಲ್ಲಿ ಸುಳ್ಳು ನಡೆಯುವುದಿಲ್ಲ. ಎಲ್ಲರೂ ಹೇಳಿ ಮುಗಿಯುವ ತನಕ ಯಾರಿಗೂ ಊಟವಿಲ್ಲ. ಮೊದಲು ನೀನೇ ಹೇಳಿದೆ: "ನಂಗೆ ಸಕ್ಕರೆ ಕಾಯಿಲೆ ಅಂತ ಗೊತ್ತಿದ್ದೂ ಇವರ ಡಬ್ಬಿಯಿಂದ ಖರ್ಜೂರ ತೆಗೆದು ತಿಂದೆ. ಇನ್ನೂ ತಿಂತೆ." ನನ್ನ ಸರದಿಗೆ ನಾನು ಅಕ್ಕಿಯ ಮೇಲಿನ ಕಾಯಿಯನ್ನು ಸರಿಮಾಡುತ್ತಾ ಕೂತೆ. ರಘು ನನ್ನ ಮುಖ ನೋಡಿದ, ಕಾಯಿ ನೋಡಿದ. "ಆಯಿ, ನಾನು ಇವನ ರೂಮ್‌ಮೇಟ್ ಅಲ್ಲ" ಅಂದ. ನೀನು ಅನ್ನದ ಪಾತ್ರೆಯ ಮುಚ್ಚಳ ತೆಗೆದೆ. "ಅಷ್ಟೇಯನಾ? ಗೊತ್ತಿದ್ದದ್ದನ್ನೇ ಹೇಳಿದ್ರೆ ಅದೆಂಥ ಹೇಳಿದ ಹಾಗಾಯ್ತು? ಬೇರೆ ಏನಾದ್ರೂ ಇದ್ರೆ ಹೇಳು, ಅನ್ನ ಆರ್ತಾ ಇದೆ." ಆಮೇಲೆ ಸೌಟನ್ನು ನಮ್ಮಿಬ್ಬರ ಕೈಗೆ ಕೊಟ್ಟೆ. "ಇಬ್ರೂ ಕೂಡಿ ಎಡೆ ಇಡಿ." ಗಂಡ ಹೆಂಡತಿಯ ಕೈಯಲ್ಲಿ ಇಡಿಸುವುದು ಅದು, ಆಯಿ. ನಾನು ಎಷ್ಟು ಹೊತ್ತು ಆ ಸೌಟನ್ನು ಹಾಗೇ...

ಊಟಕ್ಕೆ ನಾಲ್ಕು ಎಲೆ ಹಾಕಿದ್ದೆ ನೀನು. "ಇನ್ನೊಂದು ಯಾರಿಗೆ?" ಅಂತ ರಘು ಕೇಳಿದ. "ದೇವುಗೆ. ಮನೆಯವ ಬರ್ಲಿಲ್ಲ ಅಂದ್ರೂ ಎಲೆ ಹಾಕೂದೇ. ಹೊರಗಿನವರಿಗೆ ಹಾಕೂದಿಲ್ಲ, ಮನೆಯವರಿಗೆ ಬಿಡೂದಿಲ್ಲ." ಆ ಎಲೆಯ ಅನ್ನ ಚೆಲ್ಲುವಂತಿಲ್ಲ, ಮನೆಯವರೇ ಒಬ್ಬರು ಉಣ್ಣಬೇಕು. ನನ್ನ ಹೊಟ್ಟೆ ಬಿರಿಯುತ್ತಿದ್ದರೂ ಅಣ್ಣನ ಎಲೆಯನ್ನು ನನ್ನ ಕೈಲೇ ಉಣ್ಣಿಸಿದೆ. ಆ ರಾತ್ರಿಯಿಂದ ರಘು ದಿವಾನದ ಮೇಲೆ ಮಲಗಲಿಲ್ಲ.

ಊರಿಗೆ ಹೋದವಳೇ ನೀನು ದೇವಣ್ಣನಿಗೆ ಹೇಳಿದೆ, "ಮಾಬ್ಲಂಗೆ ಅಲ್ಲಿ ಮನೆಯಾಗಿದೆ, ಹುಡುಗ ಒಳ್ಳೆಯವ" ಅಂತ. ಹಾಗೇ, ಚಹಾ ಸೋಸುತ್ತಾ ಹೇಳಿದಳು ಅಂತ ಫೋನಿನಲ್ಲಿ ಅಂದ ಅಣ್ಣ. ಆವತ್ತಿನಿಂದ ಅವನು ನನಗೆ ಫೋನು ಮಾಡುವುದು ಬಿಟ್ಟ. ನೀನು ಮಾಡುತ್ತಿದ್ದೆ, ಅವನ ಜೀಪಿನ ಸದ್ದು ಹಿಂದೆ ಕೇಳಿಸುತ್ತಿತ್ತು.

ಚಳಿ ಮುಗಿಯುವ ಹೊತ್ತಿಗೆ ನಿನ್ನ ಕಾಲಿನ ಗಾಯ, ಆಸ್ಪತ್ರೆ, ಆಮೇಲೆ ಆ ಫೋನು. ರಘುವೂ ರಜೆ ಹಾಕಿ ಬ್ಯಾಗು ತುಂಬಿಕೊಂಡಿದ್ದ. "ನೀ ಒಬ್ನೇ ಬಾ" ಅಂದ ಅಣ್ಣ. ರಘು ಬ್ಯಾಗಿನಿಂದ ತನ್ನ ಅಂಗಿಗಳನ್ನು ತೆಗೆದು ನನ್ನವನ್ನು ಮಡಿಸಿ ಇಟ್ಟ. ನಾನು ಬಂದೆ, ಮಣ್ಣು ಹಾಕಿದೆ, ತಿರುಗಿ ಬಂದೆ. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬಂದೀತು ಅಂತ ಕಾದೆ, ಈಗ ಕಾಯುವುದನ್ನೂ ಬಿಟ್ಟಿದ್ದೇನೆ.

ಬಂದರಿನಲ್ಲಿ ನನ್ನ ಕೆಲಸ ನಿನಗೆ ತೋರಿಸಿದ್ದೆನಲ್ಲ, ಆ ದೊಡ್ಡ ದೊಡ್ಡ ಫ್ರಿಜ್ಜಿನ ಕಂಟೇನರ್‌ಗಳು. ಸಾಲಿನಲ್ಲಿ ನಡೆಯುತ್ತಾ ಹೋಗುವುದು, ಪ್ರತಿಯೊಂದರ ಶಾಖ ನೋಡುವುದು, ಸರಿ ಇದೆ ಅಂತ ಗುರುತು ಹಾಕುವುದು. ನನಗೂ ಯಾರಾದರೂ ಹಾಗೆ ನೋಡಿದ್ದರೆ ಸರಿ ಇದೆ ಅಂತಲೇ ಗುರುತು ಹಾಕುತ್ತಿದ್ದರು. ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಶೇವ್ ಮಾಡುತ್ತೇನೆ, ನಗಬೇಕಾದಲ್ಲಿ ನಗುತ್ತೇನೆ. ಬಾಯಿಗೆ ಮಾತ್ರ ರುಚಿ ಇಲ್ಲ. ರಘು ದಿನಾ "ಉಪ್ಪು ಸರಿ ಇದೆಯಾ?" ಅಂತ ಕೇಳುತ್ತಾನೆ. ನಾಲಿಗೆಗೆ ಏನೂ ತಿಳಿಯದೆ "ಸರಿ ಇದೆ" ಅನ್ನುತ್ತೇನೆ. ಅವನು ತಟ್ಟೆ ತೆಗೆಯುತ್ತಾನೆ. ದುಃಖ ಅಂದರೆ ಇದೇನಾ? ನಾನು ಅದು ಬೇರೆ ಥರ ಇರುತ್ತದೆ ಅಂದುಕೊಂಡಿದ್ದೆ.

ಈ ಸಲದ ನವರಾತ್ರಿಗೆ ಮೊದಲು ಅಣ್ಣನ ಫೋನು ಬಂತು. ಹೊಸದಾಗಿ ಸತ್ತವರ ಕಾಯಿಯನ್ನು ಮೊದಲ ಮಹಾನವಮಿಗೆ ಹಿರಿಯಾರ ಸಾಲಿಗೆ ಸೇರಿಸಬೇಕು. ಮಕ್ಕಳಲ್ಲಿ ಒಬ್ಬ ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡು ಹೊರಗುಳಿದರೂ ಕಾಯಿ ಒಳಗೆ ಬರುವುದಿಲ್ಲ, ಅದು ಇನ್ನೊಂದು ವರ್ಷ ಹೊಸಿಲ ಹೊರಗೇ. ಇದು ನನಗೂ ಗೊತ್ತು, ಅವನಿಗೂ ಗೊತ್ತು. "ಆಯಿಯ ಕಾಯಿ ಒಳಗೆ ತಗೊಳ್ಬೇಕು, ಬಾ. ಒಬ್ನೇ ಬಾ. ಮದುವೆ ಯಾಕಿಲ್ಲ ಅಂತ ನಾಗು ಮಾವ ಕೇಳಿದ್ರೆ ಹುಡುಗಿ ನೋಡ್ತಾ ಇದೇವೆ ಅಂತ ಹೇಳು" ಅಂದ.

"ಹಿರಿಯಾರ ಎದುರಿಗಾ ಅಣ್ಣ?"

ಅವನು ಜೀಪಿನ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, "ನಮ್ಮನ್ನ ನೋಡಿ ನಗೂಕೆ ಊರವರಿಗೆ ಬಣ್ಣ ಒಂದು ಸಾಲ್ದಾ ಮಾಬ್ಲ? ಇದನ್ನೂ ಕೊಡ್ಬೇಕಾ ಅವರಿಗೆ?" ಅಂದ.

ಅವನ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಶಾಲೆಯಲ್ಲಿ ನನ್ನನ್ನು 'ಆಫ್ರಿಕಾ' ಅಂದ ಹುಡುಗರಿಗೆ ಹೊಡೆದು ಹೊಡೆಸಿಕೊಂಡು ಬರುತ್ತಿದ್ದದ್ದು ಅವನೇ ಅಲ್ಲವಾ? ಅವನಿಗೆ ನನ್ನ ಮೇಲೆ ಅಸಹ್ಯವಿಲ್ಲ, ಹೆದರಿಕೆ ಇದೆ. ನಿನ್ನ ಹಾಗೆ ತಲೆ ಬಗ್ಗಿಸಿ ಮುಟ್ಟಿ ನೋಡು ಅನ್ನೋಣ ಅಂದರೆ ಫೋನಿನಲ್ಲಿ ಹೇಗೆ? "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಅಣ್ಣ. ಬಂದ್ರೆ ಇಬ್ರೂ ಬರ್ತೇವೆ. ಆಯಿ ಎದುರು ನಿಂತು ರಘು ಇಲ್ಲ ಅಂತ ಹೇಳೂಕೆ ನನ್ನಿಂದ ಆಗೂದಿಲ್ಲ" ಅಂದೆ. ಅವನು ಫೋನಿಟ್ಟ. ನೀನು ಹೊಸಿಲ ಹೊರಗೆ ಉಳಿಯುತ್ತೀ ಅಂತ ಗೊತ್ತಿದ್ದೇ ಹಾಗೆ ಅಂದೆ. ತಪ್ಪು ಮಾಡಿದೆನಾ ಆಯಿ? ನೀನು ಏನಂತಿದ್ದೆ? ಎಷ್ಟು ಯೋಚಿಸಿದರೂ ನಿನ್ನ ದನಿ ಕಿವಿಗೆ ಬರಲಿಲ್ಲ.

ಮಹಾನವಮಿಯ ದಿನ ರಘು ಒಬ್ಬನೇ ಹೋಗಿ ಕಾಯಿ ತಂದ. ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ ತಂದನಂತೆ, ಮಲಯಾಳಿ "ಯಲ್ಲಾ ಭಾಯಿ, ಖಲಾಸ್ ಕರೋ", ಬೇಗ ಮುಗಿಸು ಅಂದನಂತೆ. ಸಿಲಿಂಡರ್ ಸರಿಸಿ ಅದೇ ಮೂಲೆಯಲ್ಲಿ ಕೂರಿಸಿದ. ಕೋಳಿ ಬೇಯಿಸಿದ. ಲುಬಾನ್ ಸ್ವಲ್ಪ ಉಳಿದಿತ್ತು, ಹಾಕಿದ. ನಾನು ಕುರ್ಚಿಯ ಮೇಲೆ ಕೂತು ನೋಡುತ್ತಿದ್ದೆ, ಬೇರೆಯವರ ಮನೆಯ ಕೆಲಸ ನೋಡಿದ ಹಾಗೆ. ಇನ್ನೇನು ಎಡೆ ಇಡಬೇಕು, ಫೋನು ಹೊಡೆಯಿತು. ವೀಡಿಯೊ ಕಾಲ್. ಅಣ್ಣ.

ತೆರೆಯಲ್ಲಿ ಅಣ್ಣನಲ್ಲ, ನಿನ್ನ ತಮ್ಮ ನಾಗು ಮಾವ, ಮೂಗಿನ ಹೊಳ್ಳೆ ಮಾತ್ರ ಕಾಣುವಷ್ಟು ಹತ್ತಿರ. ಹಿಂದೆ ಇಡೀ ಕೇರಿ. ಎಲೆ ಹಾಕಿ ಆಗಿತ್ತು, ಯಾರ ಎದುರೂ ಅನ್ನ ಇರಲಿಲ್ಲ. ಮಾವ ದೇವಣ್ಣನನ್ನು ತಮ್ಮ ಯಾಕೆ ಬರಲಿಲ್ಲ ಅಂತ ಕೇಳಿದ್ದ. ಕಾಯಿಯ ಎದುರು ಸುಳ್ಳು ಹೇಳಲು ಅಣ್ಣನಿಗೂ ನಾಲಿಗೆ ಏಳಲಿಲ್ಲ. "ಅವನನ್ನೇ ಕೇಳಿ" ಅಂದು ಫೋನು ಕೊಟ್ಟಿದ್ದ. "ಹೇಳಾ ಮಾಬ್ಲ. ಹೊಟ್ಟೇಲಿ ಎಂಥದದೆ ನಿಂಗೆ? ಮಕ್ಳು ಹಸಿದು ಕೂತಿದ್ದಾವೆ" ಅಂದ ಮಾವ.

ರಘು ಎದ್ದು ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದ, ಪಕ್ಕದ ಮನೆಗೆ ಕೇಳಿಸದಿರಲಿ ಅಂತ. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದ. ತಾನು ಪಕ್ಕಕ್ಕೆ ಸರಿಯಹೋದ, ನಾನು ಅವನ ತೋಳು ಹಿಡಿದು ನಿಲ್ಲಿಸಿಕೊಂಡೆ. "ಮಾವ, ಇವ ರಘು. ನನ್ನ ಮನೆಯವ. ನಂಗೆ ಹೆಂಗಸರ ಮೇಲೆ ಆ ಮನಸ್ಸು ಎಂದೂ ಹುಟ್ಟಿದ್ದಲ್ಲ, ಇನ್ನು ಹುಟ್ಟೂದೂ ಇಲ್ಲ. ಆಯಿಗೆ ಗೊತ್ತಿತ್ತು. ಹೋದ ವರ್ಷ ಇದೇ ಜಾಗದಲ್ಲಿ ನಮ್ಮಿಬ್ಬರ ಕೈಲೂ ಎಡೆ ಇಡಿಸಿದ್ಲು." ಅಷ್ಟೇ ಹೇಳಿದೆ. ದನಿ ನಡುಗಲಿಲ್ಲ. ನಡುಗಲಿಕ್ಕೆ ಒಳಗೆ ಏನಾದರೂ ಇರಬೇಕಲ್ಲ.

ಆ ಕಡೆ ಒಂದು ಮಗು ಮಾತ್ರ ಏನೋ ಗುನುಗುತ್ತಿತ್ತು. ಯಾರೋ "ಶ್ಶೀ" ಅಂದರು, ಇನ್ನಾರೋ ಎದ್ದು ಹೋದರು, ನಾನು ನೋಡಿದೆ. ಮಾವ ಕಾಯಿಯ ಕಡೆ ತಿರುಗಿದ. "ಅಕ್ಕಂಗೆ ಗೊತ್ತಿತ್ತಾ?" ಅಂದ. "ಗೊತ್ತಿತ್ತು." "ನಂಗೆ ಯಾಕೆ ಹೇಳ್ಲಿಲ್ಲ ಅವ್ಳು? ಒಡಹುಟ್ಟಿದವ ನಾನು" ಅಂತ ನಿನ್ನ ಕಾಯಿಯನ್ನೇ ಗದರಿಸಿದ. ಆಮೇಲೆ, "ದೇವೂ, ಈಗ ನಿಂದು" ಅಂದ.

"ನಂದೇನಿಲ್ಲ."

"ಅದೆ. ಹೇಳು. ಅನ್ನ ಆರ್ತಾ ಇದೆ."

ಅಣ್ಣ ಜನದ ಬಗ್ಗೆ ಹೇಳುತ್ತಾನೆ ಅಂದುಕೊಂಡಿದ್ದೆ, ಬಣ್ಣದ ಬಗ್ಗೆ, ಮರ್ಯಾದೆಯ ಬಗ್ಗೆ. ಅವನು ನೆಲ ನೋಡಿಕೊಂಡು ಹೇಳಿದ್ದು ಇದು: "ಒಮಾನಿಂದ ಬಂದ್ಮೇಲೆ ಆಯಿ ಬರೀ ಅಲ್ಲಿಯ ಸುದ್ದಿನೇ. ಅಲ್ಲಿಯ ಅಡುಗೆಮನೆ, ಅಲ್ಲಿಯ ಮುದುಕಿ, ಆ ಮೈಸೂರು ಹುಡುಗ ಟೀಪಾಯಿಗೆ ಕಾಲು ಬಡಿಸ್ಕೊಂಡಿದ್ದು. ಹೇಳಿ ಹೇಳಿ ನಗೂದು. ಸಾಯೂ ಮುಂಚೆ ಆಸ್ಪತ್ರೇಲೂ ಅದನ್ನೇ ಹೇಳಿ ನಕ್ಲು. ನಾನು ಇಷ್ಟು ವರ್ಷ ನೋಡ್ಕೊಂಡೆ, ನನ್ನ ಮನೇಲಿ ಅವ್ಳು ಹಂಗೆ ನಕ್ಕಿದ್ದು ನಂಗೆ ನೆನಪಿಲ್ಲ. ಅದು ನನ್ನ ಹೊಟ್ಟೇಲಿದೆ." ಅವನು ಅಂಗಿಯ ತೋಳಿಂದ ಮುಖ ಒರೆಸಿಕೊಂಡ. ನನ್ನ ಗಟ್ಟಿ ಅಣ್ಣ.

"ಅಣ್ಣಾ, ಇಲ್ಲಿಯೂ ಅವಳು ನಿಂಗೆ ಎಲೆ ಹಾಕದೆ ಹಿರಿಯಾರ ಊಟಕ್ಕೆ ಕೂರಲಿಲ್ಲ. ನಿನ್ನ ಎಲೆ ನಾನೇ ಉಂಡೆ. ಹೊಟ್ಟೆ ಬಿರೀತಿತ್ತು, ಬಿಡ್ಲಿಲ್ಲ ಅವ್ಳು" ಅಂದೆ. ಅವನು ತಲೆ ಎತ್ತಿದ. ಕೊನೆಗೆ ಅವನ ಬಾಯಿಂದ ಬಂದದ್ದು, "ಅವ ಕೋಳಿ ತಿಂತಾನಾ?"

"ತಿಂತಾನೆ. ಕಲ್ತಿದಾನೆ."

ಅಷ್ಟರಲ್ಲಿ ನಿಮ್ಮ ಕಾಡಿನ ನೆಟ್‌ವರ್ಕ್ ಹೋಯಿತು. ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಕೇಳಿದ ಅಂತ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಾಯಿ ಒಳಗೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಊಟ ಹಾಗೇ ಆರಿತು, ಉಣ್ಣಲಿಲ್ಲ.

ಸಂಜೆ ಅತ್ತಿಗೆಯ ಫೋನಿನಿಂದ ಅಣ್ಣನೇ ಮಾಡಿದ. "ಆಯಿ ಒಳಗೆ ಬಂದ್ಲು" ಅಂದ. ಇದು ನಿನಗೆ ಗೊತ್ತಿರುವ ಸುದ್ದಿ, ಬಂದವಳು ನೀನೇ ತಾನೇ. ಗೊತ್ತಿಲ್ಲದ್ದು ಇದ್ದರೆ ಮುಂದಿನದು. ನೀನು ಆ ಗಲಾಟೆಯಲ್ಲಿ ಕಂಡೆಯೋ ಇಲ್ಲವೋ, ಅದಕ್ಕೇ ಈ ಪತ್ರ ಬರೆಯುತ್ತಿರುವುದು. "ನನ್ನ ಎಲೆ ಹಾಕಿದ್ರಾ ಅಣ್ಣ?" ಅಂತ ಕೇಳಿದೆ. "ಹಾಕಿದ್ವಿ. ಅತ್ತಿಗೆ ಉಂಡ್ಲು." ಆಮೇಲೆ, "ಎರಡು ಹಾಕಿದ್ವಿ" ಅಂದ.

"ಇನ್ನೊಂದು ಯಾರು ಉಂಡ್ರು?"

"ನಾನೇ ಉಂಡೆ. ಕೋಳಿ ಬಡಿಸಿ ಆಗಿತ್ತು, ಚೆಲ್ಲೂಕಾಗ್ತದಾ?" ಅಂದು, "ಮುಂದಿನ ವರ್ಷ ಅವನ ಎಲೆ ಅವನೇ ಬಂದು ಉಣ್ಲಿ. ನಂಗೆ ಎರಡೆರಡು ಊಟ ಆಗೂದಿಲ್ಲ" ಅಂತ ಫೋನಿಟ್ಟ. ಎದ್ದು ಹೋದವರು ಇನ್ನೂ ಮುನಿಸಿಕೊಂಡಿದ್ದಾರೆ, ಕೇರಿಯಲ್ಲಿ ಮಾತಾಗುತ್ತಿದೆ ಅಂತ ಅತ್ತಿಗೆ ಆಮೇಲೆ ಹೇಳಿದಳು. ಆಗಲಿ. ಮುಂದಿನ ಮಹಾನವಮಿಗೆ ನಾವಿಬ್ಬರೂ ಬರುತ್ತೇವೆ, ನಿನ್ನ ಕಾಯಿಯ ಎದುರು ಕೂರುತ್ತೇವೆ. ಧೂಪ ಆ ಮುದುಕಿಯ ಹತ್ತಿರವೇ ತರುತ್ತೇನೆ.

ಫೋನಿಟ್ಟು ಅಡುಗೆಮನೆಗೆ ಬಂದೆ. ರಘು ಬೆಳಗಿನ ಕೋಳಿಯನ್ನೇ ಬಿಸಿ ಮಾಡಿ ಎರಡು ಎಲೆಗೂ ಬಡಿಸಿದ್ದ. ನಾನು ಕೂತು ಒಂದು ತುತ್ತು ಬಾಯಿಗಿಟ್ಟೆ. ಅವನು ಎಂದಿನಂತೆ ಕೇಳಿದ, "ಉಪ್ಪು ಸರಿ ಇದೆಯಾ?"

"ಜಾಸ್ತಿಯಾಗಿದೆ ಮಾರಾಯ, ಬಾಯಿಗಿಡೋಕೆ ಆಗ್ತಿಲ್ಲ" ಅಂದೆ.

ಅವನು ಸೌಟು ಹಿಡಿದು ನಿಂತವನು ಹಾಗೇ ನೆಲಕ್ಕೆ ಕುಸಿದು ಕೂತು ಅಳತೊಡಗಿದ. ನಾನು ಇನ್ನೊಂದು ತುತ್ತು ತಿಂದೆ. ಉಪ್ಪೇ ಉಪ್ಪು, ಆಯಿ.

ನಿನ್ನ,
ತಮಾ